ಹಾಡು ಬರೆಯೋನೇ ಯಾಕೆ ಟಿಕೆಟ್ ತಗೋಬೇಕು?

ನೇರವಾಗಿ ವಿಷಯಕ್ಕೇ ಬರ್ತೀನಿ. ಹಾಡು ಬರೆಯುವವನು "ನನ್ನ ಹಾಡು ಒಂಚೂರು ಕೇಳಿ ಸಾರ್" ಅಂತ ದುಡ್ಡು ಕೊಡೋ ಹಾಗಿರಬಾರದು. ಕೊಡಬೇಕಾಗಿ ಬಂದಿದೆ ಅಂದ್ರೆ ಅಲ್ಲಿ ವ್ಯಾಪಾರಕ್ಕಿಟ್ಟಿರೋದು ಹಾಡಲ್ಲ, ಹಾಡು ಬರೆಯುವವನ ಆಸೆ.

ಈ ಮಾತು ಯಾಕೆ ಈಗ ಅಂತೀರಾ? ಬೆಂಗಳೂರಿನಲ್ಲಿ ಈಗ ಗೀತರಚನೆ ಕಾರ್ಯಾಗಾರಗಳ ಸುಗ್ಗಿ. ಒಂದು ದಿನದ್ದು, ಎರಡು ದಿನದ್ದು, "ವೀಕೆಂಡ್ ಬೂಟ್ ಕ್ಯಾಂಪ್", ಆನ್‌ಲೈನು. ಪೋಸ್ಟರಿನಲ್ಲಿ ದೊಡ್ಡ ಅಕ್ಷರದಲ್ಲಿ "ಚಿತ್ರರಂಗದ ಗಣ್ಯರೊಂದಿಗೆ ನೇರ ಸಂಪರ್ಕ". ಕೆಳಗೆ ಚಿಕ್ಕ ಅಕ್ಷರದಲ್ಲಿ ಮೂರು ಸಾವಿರವೋ ಐದು ಸಾವಿರವೋ, ಮಧ್ಯಾಹ್ನದ ಊಟ ಮತ್ತು ಪ್ರಮಾಣಪತ್ರ ಸಹಿತ. ನಮ್ಮ ಬ್ಲಾಗ್ ಬಳಗದಲ್ಲೇ ನಾಲ್ಕೈದು ಜನ ಹೋಗಿ ಬಂದಿದ್ದಾರೆ. ಫೋಟೋ ಹಾಕಿದ್ದಾರೆ, ನಾವೆಲ್ಲ "ಅಭಿನಂದನೆಗಳು" ಅಂತ ಕಾಮೆಂಟೂ ಹಾಕಿದ್ದೀವಿ. ಅವರಲ್ಲಿ ಯಾರಿಗೂ ನೋವು ಮಾಡೋ ಉದ್ದೇಶ ನನಗಿಲ್ಲ. ನನ್ನ ಜಗಳ ಅಂಗಡಿ ಇಟ್ಟವರ ಜೊತೆ, ಗಿರಾಕಿಗಳ ಜೊತೆ ಅಲ್ಲ.

ಹಾಗಂತ ಕಾರ್ಯಾಗಾರವೇ ಬೇಡ ಅನ್ನೋ ಪೈಕಿಯೂ ನಾನಲ್ಲ. ಬೇಕು, ತುಂಬಾ ಬೇಕು. ಆದರೆ ಎಂಥದು ಬೇಕು ಅಂತ ಹೇಳೋಕೆ ಒಂದು ಹಳೇ ಕತೆ ಹೇಳಬೇಕು. ಅಮೆರಿಕದ್ದು. ಸ್ವಲ್ಪ ತಾಳ್ಮೆಯಿಂದ ಓದಿ, ಆಮೇಲೆ ಬೈಯಿರಿ :)

ಕೆಲವು ವರ್ಷಗಳ ಹಿಂದೆ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಜಾನ್ ಬ್ರಾಹೆನಿ ಅನ್ನುವವರ 'ದಿ ಕ್ರಾಫ್ಟ್ ಅಂಡ್ ಬಿಸಿನೆಸ್ ಆಫ್ ಸಾಂಗ್‌ರೈಟಿಂಗ್' ಸಿಕ್ಕಿತು. 1988ರಲ್ಲಿ ಮೊದಲು ಬಂದ ಪುಸ್ತಕ. ಹಾಡು ಬರೆಯೋ ಕಸುಬು ಅರ್ಧ, ಹಾಡಿನ ವ್ಯವಹಾರ ಅರ್ಧ. ಓದ್ತಾ ಹೋದ ಹಾಗೆ ನನಗೆ ಪುಸ್ತಕಕ್ಕಿಂತ ಅದನ್ನು ಬರೆದ ಮನುಷ್ಯ ಏನು ಮಾಡ್ತಿದ್ದ ಅನ್ನೋದೇ ಹೆಚ್ಚು ಹಿಡಿಸಿತು.

1971ರಲ್ಲಿ ಲಾಸ್ ಏಂಜಲೀಸಿನಲ್ಲಿ ಇಬ್ಬರು ಸೇರಿ ಒಂದು ಕೂಟ ಶುರು ಮಾಡಿದರು. ಒಬ್ಬರು ಈ ಬ್ರಾಹೆನಿ. ಇನ್ನೊಬ್ಬರು ಲೆನ್ ಚಾಂಡ್ಲರ್. ಕಪ್ಪು ಜನಾಂಗದ ಹಾಡುಗಾರ, 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಹಾಡಿದವರು, ಆಮೇಲೆ ಅಲ್ಲಿನ ಒಂದು ರೇಡಿಯೋಗೆ ದಿನದ ಸುದ್ದಿಯ ಮೇಲೆ ಆಯಾ ದಿನವೇ ಹಾಡು ಕಟ್ಟಿ ಕೊಡ್ತಿದ್ದವರು. ಇಬ್ಬರೂ ಸ್ವತಃ ಹಾಡು ಬರೆಯುವವರು, ಹಾಗಾಗಿ ಬಾಗಿಲು ತಟ್ಟೋ ಕಷ್ಟ ಗೊತ್ತಿದ್ದವರು. ಆ ಕೂಟ ಮುಂದೆ ಲಾಸ್ ಏಂಜಲೀಸ್ ಸಾಂಗ್‌ರೈಟರ್ಸ್ ಶೋಕೇಸ್ ಅಂತ ಹೆಸರಾಯಿತು. ವಾರಕ್ಕೊಂದು ಸಂಜೆ. ಅದೂ ಒಂದೆರಡು ವರ್ಷ ಅಲ್ಲ, 1996ರವರೆಗೆ, 25 ವರ್ಷ!

ಅಲ್ಲಿ ಏನಾಗ್ತಿತ್ತು ಅಂತ ಹೇಳೋ ಮುಂಚೆ ಒಂದು ಪದದ ಬಗ್ಗೆ ಹೇಳಬೇಕು. ಅಮೆರಿಕದ ಸಂಗೀತದಲ್ಲಿ 'ಪಬ್ಲಿಷರ್' ಅಂದ್ರೆ ಪುಸ್ತಕ ಅಚ್ಚು ಹಾಕೋನಲ್ಲ. ಬರೆದವನಿಂದ ಹಾಡು ತಗೊಂಡು, ಅದನ್ನ ಹಾಡೋಕೆ ಗಾಯಕನನ್ನ ಹುಡುಕಿ, ಧ್ವನಿಮುದ್ರಣ ಮಾಡಿಸಿ, ಬಂದ ದುಡ್ಡನ್ನ ವಸೂಲಿ ಮಾಡೋ ದಲ್ಲಾಳಿ. ವಾಡಿಕೆಯ ಲೆಕ್ಕದಲ್ಲಿ ಅರ್ಧ ಅವನಿಗೆ, ಅರ್ಧ ಬರೆದವನಿಗೆ. ಹಾಡು ಯಾರೂ ಹಾಡದೇ ಇದ್ರೆ ಅವನಿಗೂ ಸೊನ್ನೆ. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಶೋಕೇಸಿನಲ್ಲಿ ಎರಡು ಆಟ ಇತ್ತು. ಒಂದರ ಹೆಸರು 'ಕ್ಯಾಸೆಟ್ ರೂಲೆಟ್'. ಒಬ್ಬ ಪಬ್ಲಿಷರ್ ಬಂದು ಕೂರ್ತಿದ್ದ. ಬರೆದವರು ತಮ್ಮ ಕ್ಯಾಸೆಟ್ ಕೊಡ್ತಿದ್ದರು. ಒಂದೊಂದಾಗಿ ಹಾಕಿ, ಎಲ್ಲರೆದುರಿಗೆ ಕೇಳಿ, ಎಲ್ಲರೆದುರಿಗೇ ಅಭಿಪ್ರಾಯ ಹೇಳಬೇಕು. ಎರಡನೆಯದು 'ಪಿಚ್-ಎ-ಥಾನ್'. ಇಲ್ಲಿ ಬರ್ತಿದ್ದವರು ನಿರ್ಮಾಪಕರು, ರೆಕಾರ್ಡ್ ಕಂಪನಿಯವರು. ಇಂಥ ಗಾಯಕಿಗೆ ಇಂಥ ಹಾಡು ಬೇಕು ಅಂತ ಬರೋರು, ಕೇಳೋರು, ಹಿಡಿಸಿದ್ದನ್ನ ತಗೊಂಡು ಹೋಗೋರು. ಹಾಡು ಬರೆಯುವವರಿಗೂ ಪ್ರಸಾರದವರಿಗೂ ನಡುವೆ ನಿಂತು ರಾಯಧನ ವಸೂಲಿ ಮಾಡೋ ಬಿಎಂಐ ಸಂಸ್ಥೆ ಇದಕ್ಕೆ ಪ್ರಾಯೋಜಕ. ಕೂಟದ್ದೇ ಒಂದು ಪತ್ರಿಕೆಯೂ ಇತ್ತು, 'ಮ್ಯೂಸ್‌ಪೇಪರ್' ಅಂತ. ನಮ್ಮವರು ಇಟ್ಟ ಹಾಗಿದೆ ಹೆಸರು :)

ಈಗ ನನ್ನ ವಾದ. ಇದರ ಬೆಲೆ ಎಲ್ಲಿತ್ತು? "ಸಂಪರ್ಕ"ದಲ್ಲಿ ಅಂತ ನಮ್ಮ ಪೋಸ್ಟರಿನವರು ಹೇಳ್ತಾರೆ. ಅಲ್ಲ. ಮೂರು ಸಣ್ಣ ಸಂಗತಿಗಳಲ್ಲಿತ್ತು.

ಒಂದು, ವಾರ ವಾರ. ಈ ಮಂಗಳವಾರ ನಿನ್ನ ಎರಡನೇ ಚರಣ ಸತ್ತಿದೆ ಅಂತ ಹೇಳಿಸಿಕೊಂಡವನು ಮುಂದಿನ ಮಂಗಳವಾರ ತಿದ್ದಿ ತರಬಹುದು. ಅದೇ ಕುರ್ಚಿ, ಅದೇ ಜನ, ಕುರ್ಚಿಯಲ್ಲಿ ಬೇರೆ ಪಬ್ಲಿಷರ್. ಒಬ್ಬ ಹೇಳಿದ್ದು ಅವನ ಚಪಲವೋ, ಹಾಡಿನ ದೋಷವೋ ಅಂತ ಮೂರು ವಾರದಲ್ಲಿ ಗೊತ್ತಾಗಿಬಿಡುತ್ತೆ. ಒಂದೇ ದಿನದ ಕಾರ್ಯಾಗಾರದಲ್ಲಿ ಇದು ಹೇಗೆ ಸಾಧ್ಯ ಹೇಳಿ? ಒಂದೇ ದಿನ ಗರಡಿಗೆ ಹೋಗಿ ಬಂದವನು ಪೈಲ್ವಾನ್ ಆಗ್ತಾನಾ?

ಎರಡು, ಎಲ್ಲರೆದುರಿಗೆ. ತಿರಸ್ಕಾರ ಕೂಡ ಕಾರಣ ಸಹಿತ. ಪಕ್ಕದವನ ಹಾಡಿಗೆ ಹೇಳಿದ ತಪ್ಪು ನನ್ನ ಜೇಬಿನಲ್ಲಿರೋ ಹಾಡಿನಲ್ಲೂ ಇದೆಯಲ್ಲಾ ಅಂತ ಹೊಳೆಯೋದು ಅಲ್ಲೇ. ಕಾಫಿ ಡೇನಲ್ಲಿ ಎದುರು ಬದುರು ಕೂತು "ನೋಡೋಣ, ಹೇಳಿ ಕಳಿಸ್ತೀನಿ" ಅಂದ್ರೆ ಏನೂ ಹೊಳೆಯಲ್ಲ.

ಮೂರು, ಇದೇ ಮುಖ್ಯ. ಕೇಳೋಕೆ ಬಂದವನಿಗೆ ಹಾಡು ಬೇಕಾಗಿತ್ತು. ಅವನ ಹೊಟ್ಟೆಪಾಡು ಒಳ್ಳೇ ಹಾಡು ಸಿಗೋದರ ಮೇಲೆ ನಿಂತಿತ್ತು, ನನ್ನ ಪ್ರವೇಶ ಶುಲ್ಕದ ಮೇಲಲ್ಲ. ಹಾಗಾಗಿ ಅವನು ಕಿವಿ ಕೊಟ್ಟು ಕೇಳ್ತಿದ್ದ. ಶುಲ್ಕದಿಂದ ಬದುಕೋನಿಗೆ ಹಾಡು ಚೆನ್ನಾಗಿದ್ರೂ ಅಷ್ಟೇ, ಕೆಟ್ಟದಾಗಿದ್ರೂ ಅಷ್ಟೇ. ಮುಂದಿನ ಬ್ಯಾಚ್ ತುಂಬಿದರೆ ಸಾಕು.

ಈ ಮೂರನೇದನ್ನ ಅಮೆರಿಕದವರು ಪೆಟ್ಟು ತಿಂದು ಕಲಿತಿದ್ದು. ಇಪ್ಪತ್ತನೇ ಶತಮಾನದ ಆರಂಭದಿಂದಲೂ ಅಲ್ಲಿನ ಪತ್ರಿಕೆಗಳ ಹಿಂದಿನ ಪುಟಗಳಲ್ಲಿ ಜಾಹೀರಾತು ಬರ್ತಿತ್ತು, ನಿಮ್ಮ ಕವಿತೆ ಕಳಿಸಿ, ಹಾಡು ಮಾಡಿ ಕೊಡ್ತೀವಿ ಅಂತ. ಹಳ್ಳಿಯ ಮೇಷ್ಟ್ರು, ಗೃಹಿಣಿ, ಫ್ಯಾಕ್ಟರಿ ಕೆಲಸದವನು ಕಳಿಸೋರು. ಎಲ್ಲರಿಗೂ ಒಂದೇ ಉತ್ತರ: ಅದ್ಭುತ, ನಿಮ್ಮಲ್ಲಿ ಪ್ರತಿಭೆ ಇದೆ, ಇಷ್ಟು ಡಾಲರ್ ಕಳಿಸಿ. ದುಡ್ಡು ಹೋಗೋದು, ಯಾರೂ ಕೇಳದ ಒಂದು ರೆಕಾರ್ಡ್ ಮನೆಗೆ ಬರೋದು. ಇಂಥವರಿಗೆ ಅಲ್ಲಿ 'ಸಾಂಗ್ ಶಾರ್ಕ್' ಅಂತಲೇ ಹೆಸರು. ನುಂಗೋ ಮೀನು.

ಇದರಿಂದ ನಾನು ಒಂದು ಪರೀಕ್ಷೆ ಮಾಡ್ಕೊಂಡಿದ್ದೀನಿ. ಬಂದವರನ್ನೆಲ್ಲ ಹೊಗಳೋ ಕಾರ್ಯಾಗಾರ ಕಂಡರೆ ಮೊದಲು ಪರ್ಸ್ ಮುಟ್ಟಿ ನೋಡ್ಕೊಳ್ಳಿ.

ಈ ಪರೀಕ್ಷೆ ಇಟ್ಕೊಂಡೇ ಹೋದ ವರ್ಷ ನಾನೂ ಬೆಂಗಳೂರಿನ ಒಂದು ಕಾರ್ಯಾಗಾರಕ್ಕೆ ಹೋಗಿ ಬಂದೆ. ಹೆಸರು ಬೇಡ, ಹೆಸರಿನಿಂದ ಏನೂ ಆಗಬೇಕಿಲ್ಲ. ಭಾನುವಾರ. 3,500 ರೂಪಾಯಿ. ಸುಮಾರು ಅರವತ್ತು ಜನ. ಬೆಳಿಗ್ಗೆ ದೀಪ ಬೆಳಗಿಸೋದು, ಸ್ವಾಗತ, ಪ್ರಾಸ್ತಾವಿಕ ನುಡಿ, ಹಾರ, ಹಣ್ಣಿನ ಬುಟ್ಟಿ. ಹನ್ನೊಂದೂವರೆಗೆ ಬರಬೇಕಿದ್ದ ಸಂಗೀತ ನಿರ್ದೇಶಕರು ಒಂದೂಕಾಲಿಗೆ ಬಂದರು. ನಲವತ್ತು ನಿಮಿಷ ತಮ್ಮ ಕಷ್ಟದ ದಿನಗಳ ಬಗ್ಗೆ ಹೇಳಿದರು. ಚೆನ್ನಾಗೇ ಹೇಳಿದರು, ಸುಳ್ಳು ಹೇಳಲ್ಲ. ಆಮೇಲೆ ಫೋಟೋ. ಎಲ್ಲರೂ ತಲಾ ಎರಡು ಹಾಡು ಬರೆದು ತರಬೇಕು ಅಂತ ಮೊದಲೇ ಹೇಳಿದ್ದರು. ಆ ನೂರಿಪ್ಪತ್ತು ಹಾಡುಗಳು ಸಂಜೆಯವರೆಗೂ ವೇದಿಕೆ ಪಕ್ಕದ ಮೇಜಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಹಾಗೇ ಇದ್ದವು. ಕವರಿನ ಗಂಟು ಕೂಡ ಬಿಚ್ಚಲಿಲ್ಲ.

ನನ್ನ ಪಕ್ಕ ಹೊಸದುರ್ಗದ ಕಡೆಯ ಒಬ್ಬ ಹುಡುಗಿ ಕೂತಿದ್ದಳು. ರಾತ್ರಿ ಬಸ್ಸಿಗೆ ಬಂದಿದ್ದಳಂತೆ. ಊಟದ ಹೊತ್ತಿನಲ್ಲಿ ತನ್ನ ಹಾಡು ತೋರಿಸಿದಳು. ಪಲ್ಲವಿ ನಿಜಕ್ಕೂ ಚೆನ್ನಾಗಿತ್ತು. ಚರಣಕ್ಕೆ ಬಂದಾಗ ಅದೇ ಮಾತು ಬೇರೆ ಪದಗಳಲ್ಲಿ ಸುತ್ತುತ್ತಿತ್ತು. ಐದು ನಿಮಿಷ ಗೊತ್ತಿರುವವರು ಯಾರಾದರೂ ಕೂತು ಹೇಳಿದ್ರೆ ಹೊಳೆದುಬಿಡ್ತಿತ್ತು. "ಸಾರ್ ಓದ್ತಾರಾ ಅಣ್ಣಾ?" ಅಂತ ಕೇಳಿದಳು. ಸಂಜೆ ಅವಳಿಗೂ ಪ್ರಮಾಣಪತ್ರ ಸಿಕ್ಕಿತು. "ಗೀತರಚನೆಯಲ್ಲಿ ಯಶಸ್ವಿಯಾಗಿ ತರಬೇತಿ ಪಡೆದಿರುತ್ತಾರೆ." ಎರಡು ವಾರ ಬಿಟ್ಟು ನಮ್ಮೆಲ್ಲರಿಗೂ ವಾಟ್ಸಾಪ್ ಬಂತು: ಅಡ್ವಾನ್ಸ್ಡ್ ಬ್ಯಾಚ್, 12,000 ರೂಪಾಯಿ, ಸೀಮಿತ ಸೀಟು.

ಆ ಹುಡುಗಿಯ 3,500 ಹೋಯ್ತು ಅಂತಲ್ಲ ನನ್ನ ಸಂಕಟ. ನನ್ನ ಹಾಡು ಚೆನ್ನಾಗಿದೆಯಾ ಇಲ್ವಾ ಅನ್ನೋ ಪ್ರಶ್ನೆ ಇಟ್ಕೊಂಡು ಬಂದವಳು ಅದೇ ಪ್ರಶ್ನೆ ಇಟ್ಕೊಂಡೇ ವಾಪಸ್ ಬಸ್ ಹತ್ತಿದಳಲ್ಲ, ಅದು.

ಇನ್ನು ನನಗೆ ಎದುರಾಗೋ ಆಕ್ಷೇಪಣೆಗಳು. ಗೆಳೆಯರ ಜೊತೆ ಮಾತಾಡುವಾಗ ಬಂದವೇ ಇವು.

"ಕವಿತ್ವ ಹೇಳಿಕೊಟ್ಟು ಬರೋದಾ ಮಾರಾಯಾ?"

ಕವಿತ್ವ ಬರಲ್ಲ. ಆದರೆ ಹಾಡು ಅನ್ನೋದು ಕವಿತ್ವ ಒಂದೇ ಅಲ್ಲ. ಉಸಿರು ಎಲ್ಲಿ ತಗೋಬೇಕು, ತಾರಸ್ಥಾಯಿಯ ಸ್ವರದ ಮೇಲೆ ಯಾವ ಅಕ್ಷರ ಕೂರುತ್ತೆ, ಪಲ್ಲವಿಗೆ ಮರಳಿದಾಗ ಅದರ ಅರ್ಥ ಒಂದು ಮೆಟ್ಟಿಲು ಮೇಲೆ ಹೋಗಿದೆಯಾ ಇಲ್ವಾ, ಇವೆಲ್ಲ ಕಸುಬು. ಕಸುಬು ಕೂಟದಲ್ಲೇ ಬರೋದು. ನ್ಯೂಯಾರ್ಕಿನಲ್ಲಿ ಬ್ರಾಡ್‌ವೇ ಸಂಗೀತ ನಾಟಕಗಳ ವಾದ್ಯಮೇಳ ನಡೆಸ್ತಿದ್ದ ಲೇಮನ್ ಎಂಗೆಲ್ ಅನ್ನುವವರು 1961ರಲ್ಲಿ ಅದೇ ಬಿಎಂಐ ಬೆಂಬಲದಲ್ಲಿ ಒಂದು ಕಾರ್ಯಾಗಾರ ಶುರು ಮಾಡಿದರು. ಪರೀಕ್ಷೆ ಮಾಡಿ ಸೇರಿಸ್ಕೊಳ್ಳೋರು, ಆದರೆ ಶುಲ್ಕ ಇಲ್ಲ. ವಾರ ವಾರ ಬರೆದುಕೊಂಡು ಬರಬೇಕು, ಎಲ್ಲರೆದುರು ಹಾಡಬೇಕು. 2003ರಲ್ಲಿ ಬ್ರಾಡ್‌ವೇಗೆ ಬಂದ 'ಅವೆನ್ಯೂ ಕ್ಯೂ' ಬರೆದ ರಾಬರ್ಟ್ ಲೋಪೆಜ್ ಮತ್ತು ಜೆಫ್ ಮಾರ್ಕ್ಸ್ ಪರಿಚಯ ಆಗಿದ್ದು ಅಲ್ಲಿ. ಲೋಪೆಜ್‌ಗೆ ಮುಂದೆ ಹೆಂಡತಿಯಾದ ಕ್ರಿಸ್ಟನ್ ಸಿಕ್ಕಿದ್ದೂ ಅಲ್ಲೇ. ಆ ಗಂಡ ಹೆಂಡತಿ ಸೇರಿ ಬರೆದ ಹಾಡುಗಳೇ 2013ರ 'ಫ್ರೋಜನ್' ಸಿನಿಮಾದವು. ಮನೆಯಲ್ಲಿ ಹೆಣ್ಣು ಮಕ್ಕಳಿರೋರಿಗೆ ನಾನು ಹೆಚ್ಚು ಹೇಳಬೇಕಿಲ್ಲ, ಕಿವಿ ತೂತಾಗೋವರೆಗೆ ಕೇಳಿರ್ತೀರಿ.

ಅಮೆರಿಕ ಯಾಕೆ, ನಮ್ಮ ಕರಾವಳಿಗೇ ಬನ್ನಿ. ತಾಳಮದ್ದಳೆಯ ವಾರದ ಕೂಟ ಅಂದ್ರೆ ಏನು? ವಾರಕ್ಕೊಮ್ಮೆ ಸಂಘದವರು ಸೇರೋದು, ಪ್ರಸಂಗ ಹಿಡಿಯೋದು, ಹೊಸಬ ಹಳಬರೆದುರು ಅರ್ಥ ಹೇಳೋದು, ತಡವರಿಸೋದು, ಎದುರಿನವನ ಮಾತಿಗೆ ಸಿಕ್ಕಿ ಬೀಳೋದು, ಮುಂದಿನ ವಾರ ಓದಿಕೊಂಡು ಬರೋದು. ಅಲ್ಲಿ ಯಾರೂ "ಅರ್ಥಗಾರಿಕೆ ಕಲಿಸಿ ಬರೋದಾ" ಅಂತ ಕೇಳಲಿಲ್ಲ. ಕಲಿತರು, ಅಷ್ಟೇ. ವಾರದ ಕೂಟ ನಮಗೆ ಪರಕೀಯ ಅಲ್ಲ. ಹಾಡು ಬರೆಯೋರಿಗೆ ಮಾತ್ರ ಅದು ಇಲ್ಲ.

"ಕೇಳಿಸಿದರೆ ಕದ್ದುಬಿಡ್ತಾರೆ!"

ಈ ಭಯ ನಮ್ಮಲ್ಲಿ ತುಂಬಾ ಇದೆ, ಸುಮ್ಮನೆ ಹುಟ್ಟಿದ್ದೂ ಅಲ್ಲ. ಆದರೆ ಎಲ್ಲಿ ಕದಿಯೋದು ಸುಲಭ ಯೋಚಿಸಿ. ಯಾರೋ ಸಹಾಯಕರ ಫೋನಿಗೆ "ಟ್ರಯಲ್‌ಗೆ ಒಂದು ಪಲ್ಲವಿ ಕಳಿಸಿ" ಅಂದಾಗ ಕಳಿಸಿದ ಹಾಡನ್ನೋ, ಎಂಬತ್ತು ಜನರೆದುರು ತಾರೀಖು ಸಹಿತ ಹಾಡಿದ ಹಾಡನ್ನೋ? ಸಾಕ್ಷಿ ಇರೋ ಜಾಗದಲ್ಲಿ ಕಳ್ಳ ಕೈ ಹಾಕಲ್ಲ. ನನ್ನ ಗೆಳೆಯನೊಬ್ಬ ಹಾಗೆ ಫೋನಿನಲ್ಲಿ ಕಳಿಸಿದ್ದ. ಟ್ಯೂನು ಬಂದಿದ್ದು ರಾತ್ರಿ ಹತ್ತಕ್ಕೆ, ಡಮ್ಮಿ ಪದಗಳ ಸಮೇತ, ಬೆಳಿಗ್ಗೆ ಎಂಟಕ್ಕೆ ಸಾಹಿತ್ಯ ಬೇಕು ಅಂತ. ನಿದ್ದೆಗೆಟ್ಟು ಕಳಿಸಿದ. ಉತ್ತರ ಬರಲಿಲ್ಲ. ಆರು ತಿಂಗಳಿಗೆ ಹಾಡು ಬಂತು, ಅವನ ನಾಲ್ಕು ಸಾಲು ಅದರಲ್ಲಿ ಹಾಗೇ ಇತ್ತು, ಹೆಸರು ಇರಲಿಲ್ಲ. ಅವನು ಯಾರ ಹತ್ತಿರ ಹೋಗಿ ಹೇಳಬೇಕು? ಕೇಳಿಸಿಕೊಂಡ ಸಾಕ್ಷಿ ಯಾರಿದ್ದಾರೆ?

"ಈಗ ಯೂಟ್ಯೂಬ್ ಇದೆ, ಇವರೆಲ್ಲ ಯಾಕೆ ಬೇಕು?"

ಹಾಕಬಹುದು. ಹಾಕೋದು ಬೇರೆ, ಕೇಳಿಸಿಕೊಳ್ಳೋದು ಬೇರೆ. ಬ್ಲಾಗಿನವರಾದ ನಮಗೆ ಇದು ಚೆನ್ನಾಗಿ ಗೊತ್ತಿರಬೇಕಲ್ವಾ? ನಾವು ಒಬ್ಬರಿಗೊಬ್ಬರು ಬರೆಯೋ ಕಾಮೆಂಟುಗಳನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ. "ತುಂಬಾ ಚೆನ್ನಾಗಿದೆ." "ಮನ ಮುಟ್ಟಿತು." "ಸೂಪರ್, ಹೀಗೇ ಬರೀತಾ ಇರಿ." ಹೀಗೇ ಬರೀತಾ ಇದ್ದೀವಿ, ಹತ್ತು ವರ್ಷದಿಂದ ಹೀಗೇ! ಎಲ್ಲಿ ಹಳಿ ತಪ್ಪಿತು ಅಂತ ಹೇಳೋ ಒಬ್ಬ ಓದುಗ ನೂರು ಲೈಕಿಗೆ ಸಮ. ಪ್ರೀತಿಯಿಂದ ಸುಳ್ಳು ಹೇಳೋ ಅಭ್ಯಾಸ ನಮಗಿದೆ, ಅದಕ್ಕೇ ಹೇಳ್ತಿದ್ದೀನಿ, ಹೊರಗಿನ ಕಿವಿ ಬೇಕು.

"ವ್ಯಾಪಾರಿಗಳ ಮಾತು ಕೇಳಿದ್ರೆ ಎಲ್ಲ ಹಾಡೂ ಒಂದೇ ಥರ ಆಗುತ್ತೆ."

ಇದರಲ್ಲಿ ಹುರುಳಿದೆ. ವ್ಯಾಪಾರಿಗೆ ಹೋದ ತಿಂಗಳು ಓಡಿದ್ದೇ ಈ ತಿಂಗಳೂ ಬೇಕು. 2006ರ ಕೊನೆಗೆ 'ಮುಂಗಾರು ಮಳೆ' ಬಂದು ಜಯಂತ ಕಾಯ್ಕಿಣಿಯವರ ಹಾಡುಗಳು ಮನೆಮನೆ ಸೇರಿದ ಮೇಲೆ ವರ್ಷಗಟ್ಟಲೆ ಕಂಡ ಕಂಡ ಹಾಡಲ್ಲೆಲ್ಲ ಮಳೆಯೇ ಸುರೀತಲ್ಲ, ನೆನಪಿದೆಯಾ? ಅದು ಕಾಯ್ಕಿಣಿಯವರ ತಪ್ಪಲ್ಲ, ಅಂಥದ್ದೇ ಬೇಕು ಅಂದವರದು.

ಆದರೆ ಕೂಟ ಅನ್ನೋದು ತೀರ್ಪು ಕೊಡೋ ಕೋರ್ಟ್ ಅಲ್ಲ. ಇಲ್ಲೊಂದು ಉದಾಹರಣೆ, ಲಾಸ್ ಏಂಜಲೀಸಿನದಲ್ಲ, ಹಳ್ಳಿಗಾಡಿನ ಹಾಡುಗಳ ರಾಜಧಾನಿ ನ್ಯಾಶ್‌ವಿಲ್‌ನದು. ಡಾನ್ ಶ್ಲಿಟ್ಸ್ ಅಂತ ಒಬ್ಬ ಹುಡುಗ ಅಲ್ಲಿನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದಲ್ಲಿ ರಾತ್ರಿ ಪಾಳಿಯ ಕಂಪ್ಯೂಟರ್ ಆಪರೇಟರ್. ನಮ್ಮಲ್ಲೂ ಅರ್ಧ ಜನ ಅದೇ ಅಲ್ವಾ. ಬಾಬ್ ಮೆಕ್‌ಡಿಲ್ ಅನ್ನೋ ಹಿರಿಯ ಗೀತರಚನೆಕಾರರು ಅವನನ್ನ ಕೂರಿಸಿಕೊಂಡು ಹೇಳಿಕೊಡ್ತಿದ್ದರು. 1976ರಲ್ಲಿ ಅವರ ಆಫೀಸಿನಿಂದ ಮನೆಗೆ ನಡ್ಕೊಂಡು ಹೋಗ್ತಾ ಅವನ ತಲೆಯಲ್ಲಿ ಒಂದು ಹಾಡು ಹುಟ್ಟಿತು, ರೈಲಿನಲ್ಲಿ ಸಿಕ್ಕ ಜೂಜುಕೋರನ ಮೇಲೆ. ಅದರಲ್ಲಿ ಪ್ರೀತಿ ಇಲ್ಲ, ಹುಡುಗಿ ಇಲ್ಲ. ಎರಡು ವರ್ಷ ಅದು ಯಾರಿಗೂ ದಕ್ಕಲಿಲ್ಲ. 1978ರಲ್ಲಿ ಕೆನ್ನಿ ರಾಜರ್ಸ್ ಹಾಡಿದ 'ದಿ ಗ್ಯಾಂಬ್ಲರ್' ಅದೇ. ಹಿರಿಯನ ಪಾಠವೂ ಬೇಕಿತ್ತು, ಆ ಎರಡು ವರ್ಷದ ಹಟವೂ ಬೇಕಿತ್ತು. ಕೇಳಿಸಿಕೊಂಡವನು ಒಪ್ಪದಿದ್ದರೆ ಅದು ಒಂದು ಮಾಹಿತಿ ಅಷ್ಟೇ. ಬದಲಾಯಿಸೋದು ಬಿಡೋದು ನಿನಗೆ ಬಿಟ್ಟಿದ್ದು.

ಈಗ ನನ್ನ ದೊಡ್ಡ ಸಿಟ್ಟಿಗೆ ಬರ್ತೀನಿ. ಬ್ರಾಹೆನಿ ತನ್ನ ಪುಸ್ತಕದ ಹೆಸರಿನಲ್ಲೇ ಕಸುಬಿನ ಪಕ್ಕ ವ್ಯವಹಾರ ಅನ್ನೋ ಪದ ಇಟ್ಟ. ನಾನು ಹೋದ ಕಾರ್ಯಾಗಾರದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ 'ಹಕ್ಕು' ಅನ್ನೋ ಪದ ಒಂದ್ಸಲವೂ ಬರಲಿಲ್ಲ. 'ರಾಯಧನ' ಬರಲಿಲ್ಲ. 'ಕರಾರು' ಬರಲಿಲ್ಲ. "ಅವಕಾಶ" ಮಾತ್ರ ನೂರು ಸಲ ಬಂತು.

ನಮ್ಮಲ್ಲಿ ಹಾಡು ಬರೆಯೋ ಬಹಳ ಜನಕ್ಕೆ ಇದು ಗೊತ್ತೇ ಇಲ್ಲ, ಅದಕ್ಕೆ ಇಲ್ಲಿ ಬರೀತಿದ್ದೀನಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಇದ್ದರೂ 1977ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಒಂದು ತೀರ್ಪಿನ ಪ್ರಕಾರ, ನಿರ್ಮಾಪಕ ದುಡ್ಡು ಕೊಟ್ಟು ಸಿನಿಮಾಕ್ಕಾಗಿ ಹಾಡು ಬರೆಸಿದರೆ, ಬೇರೆ ಕರಾರು ಇಲ್ಲದಿದ್ದರೆ, ಮೊದಲ ಒಡೆಯ ನಿರ್ಮಾಪಕನೇ. ಬರೆದವನು ಸಂಭಾವನೆ ಇಸ್ಕೊಂಡು ಮನೆಗೆ. ಮೂವತ್ತೈದು ವರ್ಷ ಹೀಗೇ ನಡೀತು. ಜಾವೇದ್ ಅಖ್ತರ್ ಮುಂತಾದವರು ಹೋರಾಡಿ, 2012ರಲ್ಲಿ ಕಾಯ್ದೆ ತಿದ್ದುಪಡಿ ಆಯ್ತು. ಈಗ ಹಾಡು ಬರೆದವನು, ರಾಗ ಹಾಕಿದವನು ಹಕ್ಕನ್ನ ಬರೆದು ಕೊಟ್ಟರೂ, ಸಿನಿಮಾ ಮಂದಿರದಲ್ಲಿ ಸಿನಿಮಾ ಜೊತೆ ಪ್ರದರ್ಶನ ಆಗೋದನ್ನ ಬಿಟ್ಟು ಉಳಿದ ಬಳಕೆಯಿಂದ ಬರೋ ರಾಯಧನದಲ್ಲಿ ಸಮಪಾಲು ಅವನದು. ಆ ಪಾಲನ್ನ ಬಿಟ್ಟುಕೊಡ್ತೀನಿ ಅಂತ ಅವನೇ ಸಹಿ ಹಾಕಿದ್ರೂ ನಡೆಯಲ್ಲ. ತನ್ನ ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಕೊಡಬಹುದು. ಆ ವಸೂಲಿ ಮಾಡೋ ಸಂಘ ಐಪಿಆರ್‌ಎಸ್, 1969ರಲ್ಲಿ ಹುಟ್ಟಿದ್ದು, 2017ರಲ್ಲಿ ಮತ್ತೆ ಸರ್ಕಾರದ ನೋಂದಣಿ ಪಡೆದಿದ್ದು. ಇನ್ನೊಂದು, ಹಾಡು ಬರೆದ ಕ್ಷಣವೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯ ಅಲ್ಲ.

ಇಷ್ಟು ಹೇಳೋಕೆ ಎಷ್ಟು ಹೊತ್ತು ಬೇಕು? ಹದಿನೈದು ನಿಮಿಷ. 3,500 ರೂಪಾಯಿ ತಗೊಂಡವರು ಈ ಹದಿನೈದು ನಿಮಿಷ ಯಾಕೆ ಕೊಡಲಿಲ್ಲ? ಹೊಸಬನಿಗೆ ತನ್ನ ಪಾಲು ಏನು ಅಂತ ಗೊತ್ತಾದರೆ "ಮೊದಲನೇ ಹಾಡು, ದುಡ್ಡೆಲ್ಲ ಕೇಳಬೇಡಿ, ಹೆಸರು ಬರುತ್ತಲ್ಲಾ" ಅನ್ನೋ ಮಾತು ಮುಂದೆ ನಡೆಯಲ್ಲ. ಹಾಗಾಗಿ ಕಾರ್ಯಾಗಾರದಲ್ಲಿ ಪ್ರಾಸ ಕಲಿಸ್ತಾರೆ, ಲೆಕ್ಕ ಕಲಿಸಲ್ಲ. ಉದ್ದೇಶಪೂರ್ವಕವೋ ಉದಾಸೀನವೋ, ಬರೆಯೋನಿಗೆ ಆಗೋ ನಷ್ಟ ಒಂದೇ.

ನಮ್ಮಲ್ಲಿ ಪಬ್ಲಿಷರ್ ಅನ್ನೋ ಮಧ್ಯದವನು ಇಲ್ಲ, ಲಾಸ್ ಏಂಜಲೀಸಿನ ಮಾದರಿ ಹಾಗೇ ಎತ್ತಿ ಇಲ್ಲಿ ಇಡೋಕಾಗಲ್ಲ, ಒಪ್ತೀನಿ. ನಮ್ಮಲ್ಲಿ ಹಾಡು ಆರಿಸೋರು ನಿರ್ದೇಶಕರು, ಸಂಗೀತ ನಿರ್ದೇಶಕರು. ಸಾಮಾನ್ಯವಾಗಿ ಟ್ಯೂನು ಮೊದಲು, ಸಾಹಿತ್ಯ ಆಮೇಲೆ. ಆದರೆ ಅವರಿಗೂ ಹಾಡು ಬೇಕಲ್ಲ? ಸಿನಿಮಾ ಬಿಟ್ಟು ಹೊರಗೆ ತಾವೇ ಹಾಡಿ ಹಾಕೋ ಹುಡುಗರ ತಂಡಗಳಿಗೆ ಬೇಕಲ್ಲ? ಧಾರಾವಾಹಿಗೆ, ನಾಟಕಕ್ಕೆ, ಭಾವಗೀತೆ ಹಾಡೋರಿಗೆ ಬೇಕಲ್ಲ? ಬೇಕಾಗಿರೋರನ್ನೇ ಕರೆಯೋಣ. ಬೇಡದವರನ್ನ ಹಾರ ಹಾಕಿ ಕರೆಯೋದು ಸಾಕು.

ನನ್ನ ಪ್ರಕಾರ ಹೀಗಿರಲಿ:

1. ವಾರಕ್ಕೊಂದು ಸಂಜೆ, ಎರಡು ಗಂಟೆ. ದೀಪ, ಹಾರ, ಸ್ವಾಗತ ಭಾಷಣ ಇಲ್ಲ. ಯಾವುದಾದರೂ ಶಾಲೆಯ ಕೊಠಡಿಯೋ, ಸಂಘದ ಹಾಲೋ ಸಾಕು.

2. ಬರೆಯುವವರಿಂದ ಕಾಸು ತಗೋಬಾರದು. ಬಾಡಿಗೆ, ಕಾಫಿ ಖರ್ಚಿಗೆ ಬಾಗಿಲ ಹತ್ತಿರ ಒಂದು ಡಬ್ಬಿ, ಇಷ್ಟ ಇದ್ದವರು ಹಾಕಲಿ. ಹಾಡು ಕೇಳಿಸೋಕೂ ಡಬ್ಬಿಗೂ ಸಂಬಂಧ ಇರಕೂಡದು.

3. ಒಂದು ಸಂಜೆಗೆ ಹತ್ತೇ ಹಾಡು, ಚೀಟಿ ಎತ್ತಿ. ಯಾರ ಶಿಫಾರಸೂ ಬೇಡ. ಎತ್ತಿದ ಹಾಡನ್ನ ಪೂರ್ತಿ ಕೇಳಬೇಕು.

4. ಎರಡು ಕುರ್ಚಿ. ಒಂದರಲ್ಲಿ ಹಾಡು ಬೇಕಾಗಿರೋ ಕಸುಬಿನವರು, ಇನ್ನೊಂದರಲ್ಲಿ ಒಬ್ಬ ಕವಿಯೋ ಗಾಯಕಿಯೋ. "ಚೆನ್ನಾಗಿದೆ" ಅನ್ನೋ ಪದ ನಿಷೇಧ! ಏನು, ಎಲ್ಲಿ, ಯಾಕೆ ಹೇಳಲಿ.

5. ಹಾಡಿದ್ದಕ್ಕೆಲ್ಲ ಒಂದು ರಿಜಿಸ್ಟರ್. ಹೆಸರು, ತಾರೀಖು, ಪಲ್ಲವಿಯ ಮೊದಲ ಸಾಲು.

6. ತಿಂಗಳಿಗೊಂದು ಸಂಜೆ ಬರೀ ಲೆಕ್ಕ. ಕರಾರು ಹೇಗೆ ಓದೋದು, ಸಂಘಕ್ಕೆ ಸೇರೋದು ಹೇಗೆ, ಎಲ್ಲಿ ಸಹಿ ಹಾಕಬಾರದು.

7. ಪ್ರಮಾಣಪತ್ರ ಇಲ್ಲ. ಯಾವ ಕಾರಣಕ್ಕೂ ಇಲ್ಲ.

ಇದು ಬೆಂಗಳೂರಿನಲ್ಲೇ ಆಗಬೇಕು ಅಂತಿಲ್ಲ. ಧಾರವಾಡದಲ್ಲಿ ಆಗಲಿ, ಮೈಸೂರಲ್ಲಿ ಆಗಲಿ, ಶಿವಮೊಗ್ಗದಲ್ಲಿ ಆಗಲಿ. ಹೊಸದುರ್ಗದವರು ರಾತ್ರಿ ಬಸ್ ಹಿಡಿಯೋದು ತಪ್ಪಿದರೆ ಅದೇ ಒಂದು ಲಾಭ.

ಬ್ರಾಹೆನಿ 2013ರಲ್ಲಿ ತೀರಿಕೊಂಡರು, ಚಾಂಡ್ಲರ್ 2023ರಲ್ಲಿ. ಅವರಿಬ್ಬರ ಹಾಡು ನಮ್ಮೂರಲ್ಲಿ ಯಾರೂ ಕೇಳಿಲ್ಲ. ಆದರೆ 25 ವರ್ಷ ವಾರ ವಾರ ಬಾಗಿಲು ತೆಗೆದು ಕುರ್ಚಿ ಹಾಕಿದರಲ್ಲ, ಅದು ಹಾಡು ಬರೆದಷ್ಟೇ ದೊಡ್ಡ ಕೆಲಸ ಅಂತ ನನ್ನ ಎಣಿಕೆ. ಅದಕ್ಕೆ ಗಣ್ಯರು ಬೇಕಿಲ್ಲ. ಬೀಗದ ಕೈ ಇಟ್ಕೊಂಡು ಹೊತ್ತಿಗೆ ಸರಿಯಾಗಿ ಬರೋ ಇಬ್ಬರು ಬೇಕು.

ಒಬ್ಬ ನಾನು ಬರ್ತೀನಿ. ಇನ್ನೊಬ್ಬರು ಯಾರು? ಒಪ್ಪದವರೂ ಬರೆಯಿರಿ, ಜಗಳಕ್ಕೆ ನಾನು ರೆಡಿ. "ಚೆನ್ನಾಗಿದೆ, ಹೀಗೇ ಬರೀತಾ ಇರಿ" ಅಂತ ಮಾತ್ರ ದಯವಿಟ್ಟು ಹಾಕಬೇಡಿ :)